ಐದು ದಿನದ ರಜೆ ಆಸ್ಪತ್ರೆಯಲ್ಲೇ ಮುಗಿಯಿತು, ಮಗು ಮನೆಗೆ ಬಂದಾಗ ನಾನೇ ಹೊಸಬ

ಬಿ ಶಿಫ್ಟ್ ಅಪ್ಪ, ತುಮಕೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೆಲಸ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ. ನವೆಂಬರ್‌ನಲ್ಲಿ ಮಗಳು ಹುಟ್ಟಿದಳು. ನಮ್ಮಲ್ಲಿ ಅಪ್ಪಂದಿರಿಗೆ ಅಂತ ಐದು ದಿನ ಸಂಬಳದ ರಜೆ ಇದೆ. ಐದೂ ತೆಗೆದುಕೊಂಡೆ. ಹೇಗೆ ಕಳೆದೆ ಕೇಳಿ. ಎರಡು ದಿನ ಬಿಲ್ ಕೌಂಟರ್, ಮೆಡಿಕಲ್ ಸ್ಟೋರ್, ಮತ್ತೆ ಬಿಲ್ ಕೌಂಟರ್. ಒಂದು ದಿನ ರಕ್ತ ಹೊಂದಿಸುವ ಓಡಾಟ. ಒಂದು ದಿನ ನೋಡಲು ಬಂದ ನೆಂಟರಿಗೆ ಕಾಫಿ ತಿಂಡಿ ತಂದುಕೊಟ್ಟು ಬಸ್ ಸ್ಟ್ಯಾಂಡಿಗೆ ಬಿಡುವುದು. ಐದನೇ ದಿನ ತಾಯಿ ಮಗುವನ್ನು ಮಧುಗಿರಿಗೆ, ನನ್ನ ಹೆಂಡತಿಯ ತವರಿಗೆ, ಬಿಟ್ಟು ಬಂದೆ. ಈ ಐದು ದಿನದಲ್ಲಿ ನಾನು ಮಗುವನ್ನು ಎತ್ತಿಕೊಂಡಿದ್ದು ಎಲ್ಲ ಸೇರಿಸಿದರೆ ಅರ್ಧ ಗಂಟೆ. ಎತ್ತಿಕೊಂಡ ಕೂಡಲೇ ಯಾರಾದರೂ ಒಬ್ಬರು 'ಕತ್ತು ಹುಷಾರು, ಕತ್ತು ಹುಷಾರು' ಅಂತ ಕೂಗಿ ಇಸ್ಕೊಂಡುಬಿಡುತ್ತಿದ್ದರು.

ಆಮೇಲೆ ನಾನು ಭಾನುವಾರದ ಅಪ್ಪ. ಓಟಿ ಬಿದ್ದರೆ ಆ ಭಾನುವಾರವೂ ಇಲ್ಲ. ಐದನೇ ತಿಂಗಳಲ್ಲಿ ಮನೆಗೆ ಕರೆದುಕೊಂಡು ಬಂದೆವು. ಆ ರಾತ್ರಿ ಹೆಂಡತಿ ಸ್ನಾನಕ್ಕೆ ಹೋದಾಗ ಮಗುವನ್ನು ಎತ್ತಿಕೊಂಡೆ. ಮೊದಲು ಕೆಳತುಟಿ ಮುಂದೆ ಬಂತು. ಆಮೇಲೆ ಅದು ನಡುಗಿತು. ನನ್ನ ಮುಖ ನೋಡಿತು, ಬಾಗಿಲ ಕಡೆ ನೋಡಿತು, ಮತ್ತೆ ನನ್ನ ಮುಖ ನೋಡಿತು. ಆಮೇಲೆ ಅತ್ತ ಅಳುವಿಗೆ ಎದುರುಮನೆಯವರು ಬಾಗಿಲು ತೆಗೆದು ಬಂದರು. ಅವರ ಕೈಗೆ ಹೋದ ತಕ್ಷಣ ಗಪ್‌ಚುಪ್. ಅವರಿಗೆ ಮೂರು ಮೊಮ್ಮಕ್ಕಳು, ಕೈ ಪಳಗಿದೆ. ನನಗೆ ಮಾತ್ರ ಯಾರದೋ ಮಗುವನ್ನು ಕದ್ದು ತಂದ ಹಾಗಾಯಿತು.

ಕೇಳಬೇಕಾಗಿರುವುದು ಇಷ್ಟೇ. ಅಪ್ಪನಿಗೆ ಕೊಡುವ ರಜೆಯಿಂದ ಮಗುವಿನ ಬೆಳವಣಿಗೆಗೆ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಇಲ್ಲ, ಇದೆಲ್ಲ ಬೆಂಗಳೂರಿನ ಐಟಿಯವರ ಶೋಕಿನಾ? ಮುಂದಿನ ತಿಂಗಳು ನಮ್ಮ ಯೂನಿಯನ್ ಮೀಟಿಂಗ್ ಇದೆ. ರಜೆ ಜಾಸ್ತಿ ಕೇಳೋಣ ಅಂತ ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಸುಮ್ನೆ 'ಬೇಕು' ಅಂದರೆ ನಗುತ್ತಾರೆ, ಹೇಳೋಕೆ ಒಂದು ಆಧಾರ ಬೇಕು.


ಬಿ.ಎಚ್. ರಸ್ತೆ ಬಾಯ್

ಜಾಸ್ತಿ ಕೊಟ್ಟರೂ ಇಷ್ಟೇ ಗುರು. ನಮ್ಮ ಆಫೀಸಿನಲ್ಲಿ ಒಬ್ಬರು ಇಡೀ ರಜೆಯಲ್ಲಿ ಮನೆಗೆ ಬಣ್ಣ ಹೊಡೆಸಿದರು. ಹೆಂಡತಿ ಮಗು ಇಬ್ಬರೂ ತಿಪಟೂರಿನಲ್ಲಿ!


ಅಂಚೆ ಅಣ್ಣ, ಗುಬ್ಬಿ

ಬಣ್ಣ ಹೊಡೆಸಿದವರನ್ನು ನಾನೂ ಕಂಡಿದ್ದೇನೆ. ಆದರೆ ತಪ್ಪು ರಜೆಯದಲ್ಲ, ಅದನ್ನು ತೆಗೆದುಕೊಂಡ ಹೊತ್ತಿನದು.

ನಾನು ಕೇಂದ್ರ ಸರ್ಕಾರಿ ನೌಕರ. ನಮಗೆ 15 ದಿನ ಪಿತೃತ್ವ ರಜೆ ಇದೆ, ಎರಡಕ್ಕಿಂತ ಕಡಿಮೆ ಮಕ್ಕಳಿರುವವರಿಗೆ. ಪೂರ್ತಿ ಸಂಬಳ, ನಮ್ಮ ಲೆಕ್ಕದ ಬೇರೆ ರಜೆಯಲ್ಲಿ ಕಳೆಯುವುದಿಲ್ಲ. ಜಾಸ್ತಿ ಜನ ಗಮನಿಸದ ಒಂದು ಮಾತು ಆ ನಿಯಮದಲ್ಲೇ ಇದೆ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾಗಿ ಆರು ತಿಂಗಳ ತನಕ ಯಾವಾಗ ಬೇಕಾದರೂ ಹೋಗಬಹುದು. ಆರು ತಿಂಗಳು ದಾಟಿದರೆ ಹೋಯಿತು.

ಮೊದಲ ಮಗನಿಗೆ ನಾನೂ ನಿಮ್ಮ ಹಾಗೆಯೇ ಮಾಡಿದೆ, ಎಲ್ಲ ಆಸ್ಪತ್ರೆಗೆ ಸುರಿದೆ. ಎರಡನೆಯವಳಿಗೆ ಬುದ್ಧಿ ಬಂತು. ಹೆರಿಗೆ ಸಮಯಕ್ಕೆ ಮೂರು ಸಿಎಲ್ ಹಾಕಿದೆ. ಮೂರು ತಿಂಗಳು ಬಾಣಂತನ ಮುಗಿಸಿ ಹೆಂಡತಿ ಕುಣಿಗಲ್‌ನಿಂದ ವಾಪಸ್ ಬಂದ ದಿನದಿಂದ ಪಿತೃತ್ವ ರಜೆ ಶುರು. ನಮ್ಮ ಮೇಲಿನವರು ಅರ್ಜಿ ನೋಡಿ, 'ಮಗು ಹುಟ್ಟಿ ಮೂರು ತಿಂಗಳಾಯ್ತಲ್ಲಪ್ಪಾ, ಈಗ್ಯಾಕೆ?' ಅಂದರು. 'ಸಾರ್, ನನಗೆ ಇವತ್ತು ಹುಟ್ಟಿದೆ' ಅಂದೆ. ನಕ್ಕು ಸೈನ್ ಹಾಕಿದರು.


ಮಕ್ಕಳ ವಾರ್ಡ್ ಸಿಸ್ಟರ್, ಕೋಲಾರ

'ನನಗೆ ಇವತ್ತು ಹುಟ್ಟಿದೆ'! ಅಣ್ಣಾ, ಇದನ್ನು ನಮ್ಮ ವಾರ್ಡಿನಲ್ಲಿ ಬರೆದು ಅಂಟಿಸಬೇಕು.

ಬಿ ಶಿಫ್ಟ್ ಅವರಿಗೆ ಮೊದಲು ಸಮಾಧಾನ. ಐದು ತಿಂಗಳ ಮಗು ಅತ್ತಿತು ಅಂದರೆ ನಿಮ್ಮನ್ನು ಬೇಡ ಅಂದಿತು ಅಂತಲ್ಲ. ಹೊಸಬರನ್ನು ಕಂಡು ಹೆದರುವ ಕಾಲ ಸಾಮಾನ್ಯವಾಗಿ ಇನ್ನೂ ಮುಂದೆ, ಏಳೆಂಟು ತಿಂಗಳ ಸುಮಾರಿಗೆ ಬರುತ್ತದೆ. ನಿಮ್ಮ ಮಗಳಿಗೆ ಮನೆ ಹೊಸದು, ದೀಪ ಹೊಸದು, ಹಿಡಿದ ಕೈ ಹೊಸದು, ಹೊತ್ತು ಬೇರೆ ಸಂಜೆ. ಎಲ್ಲ ಒಟ್ಟಿಗೆ ಬಂತು.

ಈಗ ಪ್ರಶ್ನೆಗೆ ಬರುತ್ತೇನೆ. ಹುಟ್ಟಿದ ಮಗುವಿಗೆ ಸರಿಯಾಗಿ ಕಾಣುವುದು ಒಂದು ಗೇಣು, ಹೆಚ್ಚೆಂದರೆ ಒಂದೂಕಾಲು ಗೇಣು ದೂರ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಅಷ್ಟೇ ದೂರದಲ್ಲಿ. ಬಾಗಿಲಲ್ಲಿ ನಿಂತು ಇಣುಕುವ ಅಪ್ಪ ಅದರ ಪಾಲಿಗೆ ಮಬ್ಬು ನೆರಳು. ದನಿಯ ವಿಷಯವೂ ಹಾಗೆಯೇ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ಹಸುಗೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ನೋಡಿದರು. ಮೂರು ದಿನವೂ ತುಂಬದ ಮಕ್ಕಳು ತಮ್ಮ ಅಮ್ಮನ ದನಿ ಕೇಳಿಸಲಿ ಅಂತ ಚೀಪುವ ರೀತಿಯನ್ನೇ ಬದಲಿಸಿದವು. ಹೊಟ್ಟೆಯಲ್ಲಿದ್ದಾಗಲೇ ಕೇಳಿದ ದನಿ ಅಲ್ವಾ. ನಾಲ್ಕು ವರ್ಷ ಬಿಟ್ಟು ಡಿಕ್ಯಾಸ್ಪರ್ ಇನ್ನೊಬ್ಬರ ಜೊತೆ ಸೇರಿ ಅಪ್ಪನ ದನಿ ಇಟ್ಟು ನೋಡಿದರು. ಒಂದು ಗಂಡು ದನಿಗೂ ಇನ್ನೊಂದಕ್ಕೂ ವ್ಯತ್ಯಾಸ ಮಕ್ಕಳಿಗೆ ತಿಳಿಯುತ್ತಿತ್ತು. ಆದರೆ ಅಪ್ಪನದೇ ಬೇಕು ಅನ್ನುವ ಆಸೆ ಕಾಣಲಿಲ್ಲ. ಅಂದರೆ ಅಮ್ಮನಿಗೆ ಒಂಬತ್ತು ತಿಂಗಳ ಮುಂಗಡ ಸಿಕ್ಕಿರುತ್ತದೆ. ಅಪ್ಪ ಸೊನ್ನೆಯಿಂದ ಶುರು ಮಾಡಬೇಕು. ಶುರು ಮಾಡುವುದಕ್ಕೆ ದಿನ ಬೇಕು.

ಆ ದಿನಗಳು ಯಾಕೆ ಬೆಲೆಬಾಳುತ್ತವೆ ಅಂದರೆ, ಹುಟ್ಟಿದಾಗ ಮಿದುಳು ದೊಡ್ಡವರದರ ಸುಮಾರು ಕಾಲು ಭಾಗ. ಮೊದಲ ವರ್ಷದಲ್ಲೇ ಎರಡರಷ್ಟಾಗುತ್ತದೆ. ಮೂರು ವರ್ಷಕ್ಕೆ ನೂರಕ್ಕೆ 80ರಷ್ಟು ಬೆಳೆದಿರುತ್ತದೆ. ಅದು ಹಾಲಿನಿಂದ ಮಾತ್ರ ಬೆಳೆಯುವುದಿಲ್ಲ. ಮಗು 'ಊಂ' ಅನ್ನುತ್ತದೆ, ನೀವು 'ಏನವ್ವಾ' ಅನ್ನುತ್ತೀರಿ. ಅದು ಕಾಲು ಒದೆಯುತ್ತದೆ, ನೀವು ಮುಖ ಹತ್ತಿರ ತರುತ್ತೀರಿ. ಈ ಕೊಟ್ಟು ತೆಗೆದುಕೊಳ್ಳುವುದು ದಿನಕ್ಕೆ ನೂರಾರು ಸಲ ನಡೆಯಬೇಕು. ಅಮ್ಮನೇ ನಡೆಸಬೇಕು ಅಂತ ಎಲ್ಲೂ ಇಲ್ಲ.

1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ 60 ಮಕ್ಕಳ ಮನೆಗೆ ಹೋಗಿ ಹೋಗಿ ನೋಡಿ ಒಂದು ವರದಿ ಮಾಡಿದ್ದರು. ಮಗು ಅಂಟಿಕೊಳ್ಳುವುದು ಜಾಸ್ತಿ ಹೊತ್ತು ಪಕ್ಕದಲ್ಲಿ ಕೂತವರಿಗಲ್ಲ, ಕರೆದಾಗ ಓಗೊಟ್ಟವರಿಗೆ ಅಂತ. ಟೀವಿ ನೋಡುತ್ತಾ ಪಕ್ಕದಲ್ಲಿ ಕೂತು ಕಳೆದ ರಜೆ ಲೆಕ್ಕಕ್ಕಿಲ್ಲ ಅಂತಲೂ ಇದರಿಂದ ಗೊತ್ತಾಗುತ್ತದೆ.


ಹೊರಪೇಟೆ ಅಜ್ಜಿ

(ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ.)

ನಾನು ಒಂಬತ್ತು ಬಾಣಂತನ ಮಾಡಿದ್ದೇನೆ. ಗಂಡಸರಿಗೆ ರಜೆ ಯಾಕಪ್ಪಾ? ಬಾಣಂತಿ ಕೋಣೆಯಲ್ಲಿ ಅವರು ಏನು ಮಾಡುತ್ತಾರೆ? ಪುರುಡು ಕಳೆಯುವ ತನಕ ಹೊಸ್ತಿಲು ದಾಟುವ ಹಾಗಿರಲಿಲ್ಲ ನಮ್ಮ ಕಾಲದಲ್ಲಿ. ಹೆಣ್ಣು ತವರಿಗೆ ಹೋಗುವುದು ಯಾಕೆ ಗೊತ್ತಾ? ಗಂಡನ ಮನೆಯಲ್ಲಿದ್ದರೆ ಹಸಿ ಮೈಯಲ್ಲೂ ಪಾತ್ರೆ ತೊಳೆಯಬೇಕು. ತವರಲ್ಲಿ ಮೂರು ತಿಂಗಳು ಬಿಸಿನೀರು, ಬಿಸಿ ಊಟ, ನಿದ್ದೆ. ಅದೊಂದು ಸುಖಕ್ಕೆ ಕಲ್ಲು ಹಾಕಬೇಡಿ.


ಸಿರಾ ಟೀಚರ್

ಅಜ್ಜಿ, ನಿಮ್ಮ ಮಾತು ಒಪ್ಪುತ್ತೇನೆ. ತವರಿನ ಮೂರು ತಿಂಗಳು ನನ್ನ ಜೀವ ಉಳಿಸಿತು. ಪಜೀತಿ ಶುರುವಾಗಿದ್ದು ವಾಪಸ್ ಬಂದ ಮೇಲೆ.

ನಾನು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. 26 ವಾರ ರಜೆ ಕೊಟ್ಟರು, ಸುಳ್ಳು ಹೇಳಬಾರದು. ಆದರೆ ಬಿಪಿ ಜಾಸ್ತಿ ಆಗಿ ಹೆರಿಗೆಗೆ ಮುಂಚೆಯೇ 8 ವಾರ ಹೋಯಿತು. ಉಳಿದಿದ್ದು 18 ವಾರ. ಅಂದರೆ ಶಾಲೆಗೆ ಹೋದ ದಿನ ಮಗನಿಗೆ ನಾಲ್ಕು ತಿಂಗಳು ತುಂಬಿತ್ತು ಅಷ್ಟೇ. ಡಾಕ್ಟರ್ ಹೇಳುವುದು ಆರು ತಿಂಗಳು ಎದೆಹಾಲು ಬಿಟ್ಟರೆ ಬೇರೇನೂ ಬೇಡ ಅಂತ. ನಡುವಿನ ಆ ಏಳೆಂಟು ವಾರ ಯಾರ ಲೆಕ್ಕಕ್ಕೆ?

ನನ್ನ ಗಂಡನದು ಹಾರ್ಡ್‌ವೇರ್ ಅಂಗಡಿ. ರಜೆ ಗಿಜೆ ಏನೂ ಇಲ್ಲ. ಬೆಳಿಗ್ಗೆ ಹಾಲು ಹಿಂಡಿ ಸ್ಟೀಲ್ ಲೋಟದಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟು ಹೋಗುತ್ತಿದ್ದೆ. ಮಧ್ಯಾಹ್ನ 12ಕ್ಕೆ ಅವರು ಅಂಗಡಿ ಷಟರ್ ಅರ್ಧ ಎಳೆದು ಬಂದು, ಲೋಟವನ್ನು ಬಿಸಿನೀರಿನಲ್ಲಿಟ್ಟು, ಒಳಲೆಯಲ್ಲಿ ಕುಡಿಸುತ್ತಿದ್ದರು. ಮೊದಲ ದಿನ ಅರ್ಧ ಹಾಲು ಮಗುವಿನ ಕತ್ತಿನ ಮಡಿಕೆಯಲ್ಲಿತ್ತಂತೆ. ಎರಡನೇ ವಾರದ ಹೊತ್ತಿಗೆ ಮಗ ಒಳಲೆಯ ಸದ್ದಿಗೇ ಬಾಯಿ ತೆಗೆಯುತ್ತಿದ್ದ. ಈಗ ಅವನಿಗೆ ಮೂರು ವರ್ಷ. ಬಿದ್ದರೆ ಅಮ್ಮ ಅಂತ ಅಳುತ್ತಾನೆ, ಹಸಿವಾದರೆ ಅಪ್ಪ ಅಂತ ಅಳುತ್ತಾನೆ.

ಇನ್ನೊಂದು ಮಾತು ಹೇಳಲಾ ಬೇಡವಾ ಅಂತ ಯೋಚಿಸುತ್ತಿದ್ದೆ. ಆಗ ನನಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಬೋರ್ಡ್ ಮೇಲೆ ಬರೆಯುತ್ತಿದ್ದಾಗಲೂ. 'ಮಧ್ಯಾಹ್ನ ಮಗು ಹಾಲು ಕುಡಿಯಿತು' ಅಂತ ಒಂದು ಮೆಸೇಜ್ ಬಂದರೆ ಆ ದಿನ ದಾಟುತ್ತಿತ್ತು.


ಕುಣಿಗಲ್ ಟು ಗೋಥೆನ್‌ಬರ್ಗ್

ಟೀಚರಮ್ಮ, ನೀವು ಬರೆದ ಕೊನೆಯ ಸಾಲಿಗೆ ಇಲ್ಲಿ ಲೆಕ್ಕವೇ ಇದೆ. ನಾನು ಸ್ವೀಡನ್‌ಗೆ ಬಂದು ಹತ್ತು ವರ್ಷ. 1974ರಲ್ಲೇ ಇವರು ತಾಯಿ ರಜೆ ಅನ್ನುವುದನ್ನು ತೆಗೆದು ಅಪ್ಪ ಅಮ್ಮ ಇಬ್ಬರ ರಜೆ ಅಂತ ಮಾಡಿದರು, ಪ್ರಪಂಚದಲ್ಲೇ ಮೊದಲು. ಈಗ ಒಂದು ಮಗುವಿಗೆ 480 ದಿನ. ಅದರಲ್ಲಿ ತಲಾ 90 ದಿನ ಒಬ್ಬರು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಅಪ್ಪ ತೆಗೆದುಕೊಳ್ಳದಿದ್ದರೆ ಅದು ಹಾಳು.

ಆದರೆ ನಿಮಗೆ ಬೇಕಾದ ಕತೆ 2012ರದು. ಅಲ್ಲಿಯ ತನಕ ಹೆರಿಗೆಯ ಆಸುಪಾಸಿನ ಹತ್ತು ದಿನ ಬಿಟ್ಟರೆ ಇಬ್ಬರೂ ಒಂದೇ ದಿನ ರಜೆ ಹಾಕುವ ಹಾಗಿರಲಿಲ್ಲ. ಆ ವರ್ಷ ನಿಯಮ ಸಡಿಲ ಮಾಡಿದರು. ಮಗುವಿನ ಮೊದಲ ವರ್ಷದಲ್ಲಿ 30 ದಿನದ ತನಕ ಇಬ್ಬರೂ ಒಟ್ಟಿಗೆ ಮನೆಯಲ್ಲಿರಬಹುದಾಗಿತ್ತು, ಬೇಕಾದ ದಿನ ಆರಿಸಿಕೊಂಡು. ಪರ್ಸನ್ ಮತ್ತು ರೋಸಿನ್-ಸ್ಲೇಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಅದಕ್ಕೆ ಸ್ವಲ್ಪ ಮುಂಚೆ ಹೆತ್ತವರನ್ನೂ ಆಮೇಲೆ ಹೆತ್ತವರನ್ನೂ ಹೋಲಿಸಿದರು. ಹೆರಿಗೆಯಾದ ಆರು ತಿಂಗಳಲ್ಲಿ ತಾಯಂದಿರಿಗೆ ಡಾಕ್ಟರ್ ಬರೆದುಕೊಡುವ ಆತಂಕದ ಮಾತ್ರೆ ನೂರಕ್ಕೆ 26ರಷ್ಟು ಕಡಿಮೆಯಾಗಿತ್ತು! ಮಜಾ ಏನು ಅಂದರೆ ಅಪ್ಪಂದಿರು 30 ದಿನವೂ ಬಳಸಿರಲಿಲ್ಲ. ಬಹಳ ಜನ ನಾಲ್ಕಾರು ದಿನ ಅಷ್ಟೇ. ಹೆಂಡತಿಗೆ ಜ್ವರ ಬಂದ ದಿನ, ಎದೆ ಕಟ್ಟಿಕೊಂಡ ದಿನ, ರಾತ್ರಿಯೆಲ್ಲ ನಿದ್ದೆ ಇಲ್ಲದ ಮಾರನೇ ದಿನ, ಆ ತರಹ.

ಅಂಚೆ ಅಣ್ಣ ಹೇಳಿದ್ದೂ ಇದೇ ಅಲ್ವಾ. ಎಷ್ಟು ದಿನ ಅನ್ನುವುದಕ್ಕಿಂತ ಯಾವ ದಿನ ಅನ್ನುವುದು ಯಾರ ಕೈಲಿದೆ ಅನ್ನುವುದು ಮುಖ್ಯ.

ಅಜ್ಜಿಗೊಂದು ಖುಷಿ ಸುದ್ದಿ: 2024ರ ಜುಲೈನಿಂದ ಇಲ್ಲಿ ಅಪ್ಪ ಅಮ್ಮ ತಮ್ಮ ಪಾಲಿನಿಂದ ತಲಾ 45 ದಿನವನ್ನು ಅಜ್ಜಿ ತಾತಂದಿರಿಗೆ ಬಿಟ್ಟುಕೊಡಬಹುದು. ಆ ದಿನಗಳಿಗೂ ಹಣ ಸಿಗುತ್ತದೆ.


ಹೊರಪೇಟೆ ಅಜ್ಜಿ

ಆ ದೇಶಕ್ಕೆ ಈಗ ಬುದ್ಧಿ ಬಂತು. ನನ್ನ ಒಂಬತ್ತು ಬಾಣಂತನದ ಬಾಕಿ ಯಾರು ಕೊಡುತ್ತಾರೆ ಕೇಳು.


ಸಾಕ್ಷಿ ಕೊಡಿ ಸ್ವಾಮಿ, ಚಿಕ್ಕಬಳ್ಳಾಪುರ

ಎಲ್ಲರೂ ಕರಗಿಹೋಗಿದ್ದೀರಿ, ನಾನೊಬ್ಬ ತಕರಾರು ತೆಗೆಯುತ್ತೇನೆ, ಬೈಯಬೇಡಿ. ಸ್ವೀಡನ್ ಲೆಕ್ಕ ಅಮ್ಮನ ಆರೋಗ್ಯದ್ದು, ಮಗುವಿನ ಬೆಳವಣಿಗೆಯದಲ್ಲ. ಮಗುವಿನ ಬಗ್ಗೆ ನೇರ ಸಾಕ್ಷಿ ಹುಡುಕಿದರೆ ಕತೆ ಅಷ್ಟು ನುಣ್ಣಗಿಲ್ಲ. ನಾರ್ವೆಯಲ್ಲಿ 1993ರಲ್ಲಿ ಅಪ್ಪನಿಗೇ ಅಂತ ನಾಲ್ಕು ವಾರ ಮೀಸಲಿಟ್ಟರು. ಆ ಮಕ್ಕಳು 16ಕ್ಕೆ ಬಂದಾಗ ಶಾಲೆಯ ಅಂಕ ನೋಡಿದರು. ಸುಧಾರಣೆ ಇತ್ತು, ಆದರೆ ಅದು ಎದ್ದು ಕಂಡಿದ್ದು ಅಪ್ಪ ಅಮ್ಮನಿಗಿಂತ ಜಾಸ್ತಿ ಓದಿದ್ದ ಮನೆಗಳಲ್ಲಿ. ನಾಲ್ಕು ವಾರ ರಜೆ ಕೊಟ್ಟರೆ ಮಗು ಜಾಣ ಆಗುತ್ತದೆ ಅಂತ ಯೂನಿಯನ್ ಮೀಟಿಂಗ್‌ನಲ್ಲಿ ಹೇಳಿದರೆ, ಎದುರಿಗೆ ಕೂತವನು ಓದಿಕೊಂಡಿದ್ದರೆ ಒಂದೇ ಏಟಿಗೆ ಮಲಗಿಸುತ್ತಾನೆ.

ಜಪಾನ್ ನೋಡಿ. ಕಾಗದದ ಮೇಲೆ ಅಪ್ಪನಿಗೆ ಸುಮಾರು ಒಂದು ವರ್ಷ. ಬಹಳ ವರ್ಷ ಯಾರೂ ಮುಟ್ಟುತ್ತಲೇ ಇರಲಿಲ್ಲ, ಬಾಸ್ ಏನು ಅಂದುಕೊಳ್ಳುತ್ತಾನೋ ಅಂತ. ಸರ್ಕಾರ ಕಂಪನಿಗಳ ಹಿಂದೆ ಬಿದ್ದ ಮೇಲೆ 2023ರಲ್ಲಿ ನೂರಕ್ಕೆ 30ರ ಸುಮಾರಿಗೆ ಬಂತು. ಕಾಗದದಲ್ಲಿ ರಜೆ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ.


ಮಕ್ಕಳ ವಾರ್ಡ್ ಸಿಸ್ಟರ್, ಕೋಲಾರ

ಅಂಕದ ಮಾತು ಬಿಡಿ ಸಾರ್, ನೀವು ಹೇಳಿದ್ದು ಸರಿಯೇ. ಆದರೆ ಅಮ್ಮನ ಆರೋಗ್ಯ ಬೇರೆ, ಮಗುವಿನ ಬೆಳವಣಿಗೆ ಬೇರೆ ಅಂದಿರಲ್ಲ, ಅಲ್ಲಿ ಜಗಳ ಆಡುತ್ತೇನೆ. ಮೊದಲ ಆರು ತಿಂಗಳಲ್ಲಿ ಮಗುವಿನ ಹವಾಮಾನವೇ ಅಮ್ಮ. ಅವಳಿಗೆ ಮಂಕು ಕವಿದರೆ ಮಗು 'ಊಂ' ಅಂದಾಗ 'ಏನವ್ವಾ' ಅನ್ನುವವರು ಯಾರು? ಅಪ್ಪನ ಮನಸ್ಸಿನದೂ ಹಾಗೆಯೇ. 2005ರಲ್ಲಿ ಬಂದ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನದಲ್ಲಿ, ಮಗು ಎಂಟು ವಾರದ್ದಿದ್ದಾಗ ಖಿನ್ನತೆಯಲ್ಲಿದ್ದ ಅಪ್ಪಂದಿರ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ, ಮೂರೂವರೆ ವರ್ಷಕ್ಕೆ ಹಟ, ಹೊಡೆದಾಟದ ತೊಂದರೆ ಜಾಸ್ತಿ ಕಂಡಿತ್ತು.

ಇನ್ನೊಂದು ಕಣ್ಣಾರೆ ಕಂಡಿದ್ದು. ತೂಕ ಕಡಿಮೆ ಇರುವ ಮಕ್ಕಳಿಗೆ ನಾವು ಕಾಂಗರೂ ಆರೈಕೆ ಮಾಡಿಸುತ್ತೇವೆ, ಬರಿ ಎದೆಗೆ ಮಗುವನ್ನು ಕಟ್ಟಿಕೊಂಡು ಕೂರುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಗಿದ್ದು, ಇನ್‌ಕ್ಯುಬೇಟರ್ ಸಾಲದೆ. ಒಬ್ಬ ಟೆಂಪೋ ಡ್ರೈವರ್, ಮಗು 1,600 ಗ್ರಾಂ, ತಾಯಿಗೆ ಇನ್ನೂ ಎಚ್ಚರ ಸರಿಯಾಗಿಲ್ಲ. ಶರ್ಟ್ ಬಿಚ್ಚಿ ಕೂರಿ ಅಂದರೆ ನಾಚಿಕೆಯಿಂದ ಗೋಡೆ ಕಡೆ ತಿರುಗಿ ಕೂತ. ಹತ್ತು ನಿಮಿಷಕ್ಕೆ ಮಗುವಿನ ಉಸಿರು ಒಂದು ಹದಕ್ಕೆ ಬಂತು. ಅವನು ಅಲುಗಾಡಲೇ ಇಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ತೆಗೆಯಲಿಲ್ಲ. ಮಾರನೇ ದಿನ ಬರಲಿಲ್ಲ. ಬಾಡಿಗೆ ಬಿಟ್ಟರೆ ಊಟ ಇಲ್ಲ. ನಾನು ಅವನನ್ನು ಬೈಯಲಾ?


ರೇಷ್ಮೆ ಮನೆ, ಶಿಡ್ಲಘಟ್ಟ

ಬೈಬೇಡಿ ಸಿಸ್ಟರ್. ನಮ್ಮಂಥವರಿಗೆ ರಜೆ ಕೊಡೋನು ಯಾರು, ತಗೊಳ್ಳೋನು ಯಾರು?

ನಮ್ಮ ಹುಡುಗ ಹುಟ್ಟಿದ್ದು ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದ್ರೆ ಪೊರೆ ಬಿಡೋ ನಿದ್ದೆ, ಎದ್ದ ದಿನ. ಗೊತ್ತಿರೋರಿಗೆ ಗೊತ್ತು, ಆಮೇಲಿನ ಒಂದು ವಾರ ಹುಳ ತಿನ್ನೋದು ಮಳೆ ಹುಯ್ದಂಗೆ ಸದ್ದು ಬರ್ತದೆ. ಸೊಪ್ಪು ಕೊಯ್ದು ಹಾಕ್ತಾನೇ ಇರಬೇಕು, ರಾತ್ರಿ ಹಗಲು. ಹಣ್ಣಾದ ಹುಳ ಗೂಡು ಕಟ್ಟೋ ಚಂದ್ರಿಕೆಗೆ ಬಿಡೋದು ಒಂದು ದಿನ ತಡವಾದ್ರೆ ಬೆಳೆ ಹೋಯ್ತು. ಇತ್ತ ಹುಳ, ಅತ್ತ ಕೂಸು. ಮಗು ನೋಡಿದ್ದು ಒಂಬತ್ತನೇ ದಿನಕ್ಕೆ. ಆದ್ರೆ ಒಂದು ಸತ್ಯ ಹೇಳ್ಲಾ? ಮನೆಗೆ ಬಂದ ಮೇಲೆ ತೊಟ್ಟಿಲು ಹುಳದ ಮನೆ ಪಡಸಾಲೇಲೇ ಇತ್ತು. ಸೊಪ್ಪು ಹಾಕ್ತಾ ಹಾಕ್ತಾ ಕಾಲಲ್ಲೇ ತೊಟ್ಟಿಲು ತೂಗ್ತಿದ್ದೆ. ಫ್ಯಾಕ್ಟರಿಯೋರಿಗೆ ಅದಿಲ್ಲ. ಗೇಟ್ ಒಳಗೆ ಹೋದ್ರೆ ಎಂಟು ಗಂಟೆ ಸತ್ತಂಗೆ. ಅವರಿಗೆ ರಜೆ ಬೇಕೇ ಬೇಕು ಕಣಣ್ಣ.


ನರಸಾಪುರ ಎಚ್‌ಆರ್

ನಾನು ಎದುರು ಪಕ್ಷ. ಕೋಲಾರದ ಕಡೆಯ ನರಸಾಪುರದ ಒಂದು ಕಂಪನಿಯಲ್ಲಿ ಎಚ್‌ಆರ್. ಮ್ಯಾನೇಜ್‌ಮೆಂಟ್ ತಲೆಯಲ್ಲಿ ಏನು ಓಡುತ್ತದೆ ಹೇಳುತ್ತೇನೆ, ಮೀಟಿಂಗ್‌ಗೆ ಉಪಯೋಗಕ್ಕೆ ಬಂದೀತು.

ಖಾಸಗಿಯವರಿಗೆ ಅಪ್ಪನ ರಜೆ ಕೊಡಿ ಅಂತ ದೇಶದಲ್ಲಿ ಕಾನೂನೇ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಖಾಸಗಿ ಸದಸ್ಯರ ಮಸೂದೆ ತಂದಿದ್ದರು, 15 ದಿನ, ಮೂರು ತಿಂಗಳ ತನಕ ಹೆಚ್ಚಿಸಬಹುದು ಅಂತ. ಪಾಸಾಗಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಪ್ಪನ ಸುದ್ದಿ ಇಲ್ಲ. ಹೀಗಾಗಿ ನಿಮ್ಮ ಐದು ದಿನವೂ ಕಂಪನಿಯ ದೊಡ್ಡ ಮನಸ್ಸು, ನಿಮ್ಮ ಹಕ್ಕಲ್ಲ.

ಅಮ್ಮನಿಗೆ 1961ರ ಕಾನೂನು ಇತ್ತು, 2017ರಲ್ಲಿ 12 ವಾರವನ್ನು 26 ಮಾಡಿದರು. 50 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಶಿಶುಪಾಲನಾ ಕೇಂದ್ರವೂ ಬೇಕು. ಸಂಬಳ 21,000ದ ಒಳಗಿದ್ದು ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ ಹಣ ಅಲ್ಲಿಂದ ಬರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಮಾಲೀಕರ ಮೇಲೆ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೊಸದಾಗಿ ಮದುವೆಯಾದ ಹುಡುಗಿಯ ಅರ್ಜಿ ನೋಡಿದಾಗ ಕೆಲವು ಮ್ಯಾನೇಜರ್‌ಗಳ ಮುಖ ಹೇಗಾಗುತ್ತದೆ ಅಂತ ನಾನು ಎದುರಿಗೇ ಕೂತು ನೋಡಿದ್ದೇನೆ. ಗಂಡಸಿಗೂ ಮಗು ಅಂದರೆ ರಜೆ ಅಂತಾದರೆ ಆ ಲೆಕ್ಕಾಚಾರ ಸ್ವಲ್ಪ ತಗ್ಗುತ್ತದೆ. ಈ ಮಾತನ್ನು ನಾನು ಆಫೀಸಿನಲ್ಲಿ ಇನ್ನೂ ಹೇಳಿಲ್ಲ.

ಬಿ ಶಿಫ್ಟ್ ಅವರೇ, ಒಂದು ಉಪಾಯ. ದಿನ ಹೆಚ್ಚಿಸಿ ಅಂದರೆ ಮೇಲಿನವರಿಗೆ ಕಾಣುವುದು ಖರ್ಚು. ಇರುವ ದಿನವನ್ನೇ ಬೇಕಾದಾಗ ಬಳಸಲು ಬಿಡಿ ಅಂದರೆ ಖರ್ಚು ಸೊನ್ನೆ. ಅಲ್ಲಿಂದ ಶುರು ಮಾಡಿ. ಮತ್ತೆ, ಕಾಂಟ್ರ್ಯಾಕ್ಟ್ ಹುಡುಗರನ್ನು ಮರೆಯಬೇಡಿ. ಲೈನ್‌ನಲ್ಲಿ ಅರ್ಧ ಜನ ಅವರೇ, ಅವರಿಗೆ ಐದು ದಿನವೂ ಇಲ್ಲ.


ಬಿ ಶಿಫ್ಟ್ ಅಪ್ಪ, ತುಮಕೂರು

ಎಲ್ಲರದೂ ಓದಿದೆ. ಎರಡು ಸಲ ಓದಿದೆ. ಕಾಂಟ್ರ್ಯಾಕ್ಟ್ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು. ನನ್ನ ಪಕ್ಕದ ಮೆಷಿನ್ ಹುಡುಗನಿಗೂ ಜೂನ್‌ನಲ್ಲಿ ಮಗು.

ಒಂದು ಚಿಕ್ಕ ಕೆಲಸ ಶುರು ಮಾಡಿದ್ದೇನೆ. ಬಿ ಶಿಫ್ಟ್ ಇರುವ ವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನಲ್ಲ, ಮಗಳ ಸ್ನಾನ ನಾನು ಮಾಡಿಸುತ್ತೇನೆ ಅಂದೆ. ಮನೆಯವಳು ನಕ್ಕಳು. ಅತ್ತೆಗೆ ಫೋನ್ ಮಾಡಿ ಹೇಳಿದಳು, ಅವರೂ ನಕ್ಕರು. ಅಜ್ಜೀ, ನೀವಾದರೂ ಹೇಳಿಕೊಡಿ. ಕೈಯಿಂದ ಜಾರುತ್ತದೆ ಅಂತ ಭಯ.


ಹೊರಪೇಟೆ ಅಜ್ಜಿ

ಈಗ ದಾರಿಗೆ ಬಂದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕೂರು. ಕಾಲು ನೀಡು, ಎರಡೂ ಜೋಡಿಸಿ. ಮಗುವನ್ನು ಮೊಣಕಾಲಿನ ಕೆಳಗೆ, ನಿನ್ನ ಕಾಲ ಮೇಲೆ ಬೋರಲು ಮಲಗಿಸು, ತಲೆ ಪಾದದ ಕಡೆ, ಮುಖ ಒಂದು ಪಕ್ಕಕ್ಕೆ. ನಿನ್ನ ಕಾಲ ಸಂದಿಯೇ ತೊಟ್ಟಿಲು, ಎಲ್ಲಿಗೂ ಜಾರಲ್ಲ. ಎಣ್ಣೆ ಬೆಚ್ಚಗಿರಲಿ, ಬಿಸಿ ಬೇಡ. ಬೆನ್ನಿಗೆ ಮೇಲಿಂದ ಕೆಳಗೆ ಅಂಗೈಯಲ್ಲಿ ಎಳೆ. ನೀರನ್ನು ನಿನ್ನ ಮೊಣಕೈಗೆ ಹಾಕಿ ನೋಡು, ಬೆರಳಲ್ಲ. ಗಂಡಸರ ಬೆರಳಿಗೆ ಬಿಸಿ ಗೊತ್ತಾಗಲ್ಲ. ಚೊಂಬಿನಿಂದ ಧಾರೆ ಸಣ್ಣಗೆ ಬಿಡು. ಬಾಯಿ ಮುಚ್ಚಿಕೊಂಡು ಮಾಡಬೇಡ, ಏನಾದರೂ ಮಾತಾಡುತ್ತಾ ಇರು. ಆಮೇಲೆ ಸಾಂಬ್ರಾಣಿ ಹೊಗೆ ಹಿಡಿ.


ಮಕ್ಕಳ ವಾರ್ಡ್ ಸಿಸ್ಟರ್, ಕೋಲಾರ

ಅಜ್ಜಿ ಹೇಳಿದ್ದೆಲ್ಲ ಸರಿ, ಹೊಗೆ ಒಂದು ಬಿಟ್ಟು. ಸಣ್ಣ ಶ್ವಾಸಕೋಶಕ್ಕೆ ಹೊಗೆ ಬೇಡ. ಕಿವಿಗೆ, ಮೂಗಿಗೆ ಎಣ್ಣೆಯೂ ಬೇಡ.


ಹೊರಪೇಟೆ ಅಜ್ಜಿ

ಒಂಬತ್ತು ಮಕ್ಕಳೂ ಹೊಗೆ ಕುಡಿದೇ ಬೆಳೆದವು.


ಮಕ್ಕಳ ವಾರ್ಡ್ ಸಿಸ್ಟರ್, ಕೋಲಾರ

ಹೌದಜ್ಜಿ. ಆದರೂ ಬೇಡ.


ಅಂಚೆ ಅಣ್ಣ, ಗುಬ್ಬಿ

ಸ್ನಾನದ ಹೊತ್ತಿಗೆ ಮನೆಯವರನ್ನು ಹತ್ತಿರ ನಿಲ್ಲಿಸಿಕೊಳ್ಳಬೇಡಿ. ನಾನು ಕಲಿತದ್ದು ಇದು. ಹೆಂಡತಿ ಪಕ್ಕದಲ್ಲಿದ್ದರೆ ಮಗು ಅತ್ತ ಕೂಡಲೇ ಅವಳ ಕೈ ಮುಂದೆ ಬರುತ್ತದೆ, ನಮ್ಮ ಕೈ ಹಿಂದೆ ಹೋಗುತ್ತದೆ. ರಜೆಯ ಮೊದಲ ವಾರ ನಾನು ಬರೀ ಅಸಿಸ್ಟೆಂಟ್ ಆಗಿದ್ದೆ, ಟವೆಲ್ ಕೊಡು, ಡಬ್ಬಿ ಕೊಡು. ಎರಡನೇ ವಾರ ಅವಳು ಅಕ್ಕನ ಮನೆಗೆ ಅಂತ ಬೆಳಿಗ್ಗೆ ಎರಡು ಗಂಟೆ ಹೊರಗೆ ಹೋಗತೊಡಗಿದಳು. ಆಗ ಮಗುವಿಗೂ ನನಗೂ ಬೇರೆ ದಾರಿ ಇರಲಿಲ್ಲ. ನಾನು ಅಪ್ಪ ಆಗಿದ್ದು ಆ ಎರಡು ಗಂಟೆಗಳಲ್ಲಿ.


ಕುಣಿಗಲ್ ಟು ಗೋಥೆನ್‌ಬರ್ಗ್

ಇದಕ್ಕೆ ನಾರ್ವೆಯಲ್ಲಿ ಒಂದು ಪುರಾವೆ ಇದೆ. ಅದೇ 1993ರ ನಾಲ್ಕು ವಾರ. ನಿಯಮ ಬರುವ ಮುಂಚೆ ಮತ್ತು ಬಂದ ಮೇಲೆ ಕೊನೆಯ ಮಗು ಹುಟ್ಟಿದ ದಂಪತಿಗಳನ್ನು ಎಷ್ಟೋ ವರ್ಷದ ನಂತರ ಕೇಳಿದರು. ಆಮೇಲೆ ಹೆತ್ತವರಲ್ಲಿ ಮನೆಗೆಲಸದ ಜಗಳ ನೂರಕ್ಕೆ 11ರಷ್ಟು ಕಡಿಮೆ. ಬಟ್ಟೆ ಒಗೆಯುವುದನ್ನು ಸಮನಾಗಿ ಹಂಚಿಕೊಳ್ಳುವ ಸಾಧ್ಯತೆ ಅರ್ಧದಷ್ಟು ಹೆಚ್ಚು. ನಾಲ್ಕು ವಾರಕ್ಕೆ ಕಲಿತ ಬಟ್ಟೆ ಒಗೆತ, ಹತ್ತಾರು ವರ್ಷ ಉಳಿದಿದೆ.


ಬಿ.ಎಚ್. ರಸ್ತೆ ಬಾಯ್

ಮ್ಯಾನೇಜ್‌ಮೆಂಟ್‌ಗೆ ಇದನ್ನು ಹೇಳಬೇಡಿ. ಎಲ್ಲರೂ ಗಂಡಸರೇ ಅಲ್ಲಿ.


ಬಿ ಶಿಫ್ಟ್ ಅಪ್ಪ, ತುಮಕೂರು

ಮೀಟಿಂಗ್ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಸಾಕ್ಷಿ ಸ್ವಾಮಿಗಳ ಮಾತು ಕೇಳಿ 'ಮಗು ಜಾಣ ಆಗುತ್ತದೆ' ಅನ್ನುವುದನ್ನು ಕೈಬಿಟ್ಟೆವು. ಮೂರೇ ಕೇಳಿದ್ದು. ಐದು ದಿನವನ್ನು 15 ಮಾಡಿ. ಕಾಂಟ್ರ್ಯಾಕ್ಟ್‌ನವರಿಗೂ ಕೊಡಿ. ಮಗುವಿಗೆ ಒಂದು ವರ್ಷ ತುಂಬುವ ತನಕ ಯಾವಾಗ ಬೇಕಾದರೂ, ಒಂದೊಂದೇ ದಿನವಾಗಿಯೂ ತೆಗೆದುಕೊಳ್ಳಲು ಬಿಡಿ. ಸ್ವೀಡನ್ ಕತೆ ನಾನೇ ಹೇಳಿದೆ. ಸ್ವೀಡನ್ ಅಂದ ಕೂಡಲೇ ಒಬ್ಬರು ಗಡಿಯಾರ ನೋಡಿದರು. ತವರುಮನೆ ಅಂದಾಗ ಮಾತ್ರ ಎಲ್ಲರೂ ತಲೆ ಎತ್ತಿದರು. ಪರ್ಸನಲ್ ಮ್ಯಾನೇಜರ್ ಮೆಲ್ಲಗೆ, 'ನನ್ನ ಮಗನೂ ಚಳ್ಳಕೆರೆಯಲ್ಲೇ ಇದ್ದ ಐದು ತಿಂಗಳು' ಅಂದರು.

15ಕ್ಕೆ 'ನೋಡೋಣ'. ಕಾಂಟ್ರ್ಯಾಕ್ಟ್‌ಗೆ 'ಅದು ಕಾಂಟ್ರ್ಯಾಕ್ಟರ್ ವಿಷಯ'. ಮೂರನೆಯದಕ್ಕೆ 'ಆರು ತಿಂಗಳ ತನಕ ಮಾಡಬಹುದು, ಬರೆದು ಕೊಡಿ' ಅಂದರು. ಬರೆದು ಕೊಟ್ಟಿದ್ದೇವೆ. ನನಗೆ ಉಪಯೋಗಕ್ಕೆ ಬರುವುದಿಲ್ಲ, ನನ್ನ ಐದೂ ಖಾಲಿ. ಪಕ್ಕದ ಮೆಷಿನ್ ಹುಡುಗನಿಗೂ ಬರುವುದಿಲ್ಲ, ಅವನು ಕಾಂಟ್ರ್ಯಾಕ್ಟ್. ಅವನ ವಿಷಯಕ್ಕೆ ಮತ್ತೆ ಹೋಗುತ್ತೇವೆ.

ಇನ್ನು ಸ್ನಾನ. ಇವತ್ತಿಗೆ ಹನ್ನೊಂದನೇ ಸಲ. ಮನೆಯವಳನ್ನು ಮೇಲಿನ ಮನೆಗೆ ಕಳಿಸಿದ್ದೆ. ಮೊದಮೊದಲು ಏನು ಮಾತಾಡಬೇಕೋ ಗೊತ್ತಾಗದೆ ಲೈನ್‌ನಲ್ಲಿ ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು ಅಂತ ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಅವಳಿಗೆ ಇಷ್ಟ. 'ರಿಜೆಕ್ಟ್' ಅಂದರೆ ನಗುತ್ತಾಳೆ. ಇವತ್ತು ಬೆನ್ನಿಗೆ ನೀರು ಬಿದ್ದಾಗ ಕೆಳತುಟಿ ಮುಂದೆ ಬಂತು. ಬಂತು ಅನ್ನುವಷ್ಟರಲ್ಲಿ ನನ್ನ ದನಿ ಕೇಳಿಸಿಕೊಂಡು ಒಳಗೆ ಹೋಯಿತು. ಒರೆಸಿ, ಬಟ್ಟೆ ಹಾಕಿ, ಹೆಗಲ ಮೇಲೆ ಹಾಕಿಕೊಂಡೆ, ಅಲ್ಲೇ ನಿದ್ದೆ.


ಹೊರಪೇಟೆ ಅಜ್ಜಿ

ಕಿವಿ ಹಿಂದೆ ಒರೆಸಿದೆಯಾ?


ಬಿ ಶಿಫ್ಟ್ ಅಪ್ಪ, ತುಮಕೂರು

ಅಯ್ಯೋ. ಮರೆತೆ ಅಜ್ಜಿ.